ಹಾಲು ಕರೆಯೋ ಅಕ್ಕ "ನಂಗೇನೂ ಕೆಲ್ಸ ಇಲ್ಲ" ಅಂದ್ರೆ ಯಾವ ಕೋಡ್ ಹಾಕ್ತೀರಾ? ಕ್ವಾಂಟಿಟೇಟಿವ್ ರಿಸರ್ಚ್‌ಗೆ ಇಳಿಯೋರಿಗೆ

ಪ್ರತಿ ವರ್ಷ ಸಿನಾಪ್ಸಿಸ್ (ಥೀಸಿಸ್‌ನ ರೂಪರೇಷೆ) ಕೊಡೋ ಟೈಮ್ ಬಂತು ಅಂದ್ರೆ ಜೂನಿಯರ್‌ಗಳ ಮೆಸೇಜ್ ಶುರು, ಅಣ್ಣ ಕ್ವಾಂಟಿಟೇಟಿವ್ ಮಾಡ್ಲಾ ಕ್ವಾಲಿಟೇಟಿವ್ ಮಾಡ್ಲಾ ಅಂತ, ಅಂದ್ರೆ ಎಣಿಸಿ ಅಳೆಯೋ ಪರಿಮಾಣಾತ್ಮಕ ಸಂಶೋಧನೆನಾ, ಜನರ ಜೊತೆ ಕೂತು ಮಾತು ಕೇಳಿ ಅರ್ಥ ಮಾಡ್ಕೊಳ್ಳೋದಾ ಅಂತ. ನಾನು ಏನಾದ್ರೂ ಹೇಳೋಷ್ಟ್ರಲ್ಲಿ ಅವರೇ ಹೇಳ್ತಾರೆ, ಗೈಡ್ ಹೇಳಿದ್ರು 384 ಜನರ ಹತ್ರ ಪ್ರಶ್ನಾವಳಿ ತುಂಬಿಸ್ಕೊಂಡು ಬಾ, ಪರ್ಸೆಂಟೇಜ್ ಹಾಕು, ಪೈ ಚಾರ್ಟ್ ಹಾಕು, ಒಂದ್ ಕೈ-ಸ್ಕ್ವೇರ್ (ಎರಡು ವಿಷಯಕ್ಕೆ ಸಂಬಂಧ ಇದ್ಯಾ ನೋಡೋ ಟೆಸ್ಟ್) ಹಾಕು ಮುಗೀತು ಅಂತ. ಅಂದ್ರೆ ಸುಲಭ ಅಂತ ಆರಿಸ್ಕೊಳ್ಳೋದು. ಪರೀಕ್ಷೆಗೆ "ಪರಿಮಾಣಾತ್ಮಕ ವಿಧಾನದ ಗುಣ ದೋಷಗಳನ್ನು ವಿವರಿಸಿ" ಅಂತ ಬಂದ್ರೆ ಐದು ಗುಣ ಐದು ದೋಷ ಬರೆದು ಹತ್ತು ಮಾರ್ಕ್ಸ್ ತಗೋಬಹುದು, ಆದ್ರೆ ಊರೊಳಗೆ ಟ್ಯಾಬ್ ಹಿಡ್ಕೊಂಡು ನಿಂತಾಗ ಆ ಹತ್ತೂ ಕೆಲ್ಸಕ್ಕೆ ಬರಲ್ಲ. ಅದಕ್ಕೇ ಲಿಸ್ಟ್ ಬಿಟ್ಟು ಒಂದೇ ವಿಷಯ ಇಟ್ಕೊಂಡು ಶುರುವಿಂದ ಹೇಳ್ತೀನಿ. ವಿಷಯ ಏನಪ್ಪಾ ಅಂದ್ರೆ ಹಳ್ಳಿ ಹೆಂಗಸರ ದುಡಿಮೆ, ಅದ್ರಲ್ಲೂ ಹಸು ಎಮ್ಮೆ ಕಟ್ಕೊಂಡಿರೋರದ್ದು. ನಿಮ್ಮ ಟಾಪಿಕ್ ಬ್ಯಾಂಕಿನ ಗ್ರಾಹಕರೋ ಲೈಬ್ರರಿ ಬಳಕೆಯೋ ಆಗಿದ್ರೂ ಪರ್ವಾಗಿಲ್ಲ, ಎಡವೋ ಜಾಗ ಒಂದೇ.

ಕೆಲವು ವರ್ಷದ ಹಿಂದೆ ಮಂಡ್ಯ ಕಡೆ ಒಂದ್ ಊರಲ್ಲಿ ಸರ್ವೇ ಮಾಡ್ತಿದ್ದೆ. ಬೆಳಿಗ್ಗೆ ಹತ್ತೂವರೆ ಇರ್ಬೇಕು. ಒಬ್ರು ಅಕ್ಕ, ಸುಮಾರು ನಲವತ್ತು ವಯಸ್ಸು, ಹಿತ್ತಲ ನಲ್ಲಿ ಹತ್ರ ಹಾಲಿನ ಕ್ಯಾನ್ ತೊಳೀತಾ ಕೂತಿದ್ರು, ಪಕ್ಕದಲ್ಲೇ ಆಗ ತಾನೇ ಇಳಿಸಿದ ಹುಲ್ಲಿನ ಹೊರೆ. ಅಕ್ಕಾ ನೀವೇನ್ ಕೆಲ್ಸ ಮಾಡ್ತೀರಾ ಅಂದೆ. "ನಾನೇನ್ ಕೆಲ್ಸ ಮಾಡ್ಲಪ್ಪಾ, ಮನೇಲೇ ಇರ್ತೀನಿ" ಅಂದ್ರು. ಸರಿ ಅಂತ 92 ಒತ್ತಿದೆ, ಅದು ನಮ್ಮ ರಾಷ್ಟ್ರೀಯ ಸ್ಯಾಂಪಲ್ ಸರ್ವೇಗಳಲ್ಲಿ "ಮನೆಗೆಲಸ ಮಾತ್ರ" ಅನ್ನೋ ಉತ್ತರಕ್ಕೆ ಕೊಟ್ಟಿರೋ ನಂಬರ್, ಅಂದ್ರೆ ಕೋಡ್. ಸಬ್ಮಿಟ್ ಆಯ್ತು. ಆಮೇಲೆ ಕಾಫಿ ಕೊಟ್ರು, ಕುಡೀತಾ ಸುಮ್ನೆ ಮಾತಿಗೆ ಕೇಳ್ದೆ ಹಾಲು ಯಾರು ಕರೀತಾರೆ ಅಂತ. ನಾನೇ. ಹುಲ್ಲು ಯಾರು ತರ್ತಾರೆ? ನಾನೇ. ಡೈರಿಗೆ ಹಾಕಕ್ಕೆ? "ಅದೂ ನಾನೇ ಕಣಪ್ಪಾ, ಬುಕ್ ಮಾತ್ರ ಅವ್ರ ಹೆಸ್ರಲ್ಲೈತೆ." ಅಲ್ಲಿಗೆ ನನ್ನ ಕಾಫಿ ಗಂಟಲಲ್ಲೇ ನಿಲ್ತು. ಮನೆಯ ಉದ್ಯಮದಲ್ಲಿ ಕೂಲಿ ಇಲ್ದೆ ದುಡಿಯೋರು ಅಂತ 21 ಅನ್ನೋ ಇನ್ನೊಂದು ಕೋಡ್ ಇದೆ, ಜೊತೆಗೆ ವರ್ಷದಲ್ಲಿ 30 ದಿನಕ್ಕಿಂತ ಕಮ್ಮಿಯಿಲ್ದೆ ಮಾಡೋ ಉಪ ಕೆಲಸ ಏನಾದ್ರೂ ಇದ್ರೆ ಅದನ್ನೂ ಬೇರೆಯಾಗಿ ಕೇಳ್ಬೇಕು ಅಂತ ರೂಲ್ ಇದೆ. ಅಂದ್ರೆ ಫಾರ್ಮಲ್ಲಿ ಜಾಗ ಇತ್ತು, ನಾನು ಕೇಳ್ಲಿಲ್ಲ ಅಷ್ಟೇ.

ಈ ವಿಧಾನದ ಗಟ್ಟಿತನ ಎಲ್ಲಿದ್ಯೋ ದೌರ್ಬಲ್ಯಾನೂ ಅಲ್ಲೇ ಇದೆ ಅಂತ ನಾನು ಹೇಳೋದು ಇದಕ್ಕೇ. ಒಂದೇ ಪ್ರಶ್ನೆ, ಒಂದೇ ಕೋಡ್, ಬೀದರ್‌ನಿಂದ ಚಾಮರಾಜನಗರದವರೆಗೂ ಎಲ್ರಿಗೂ ಒಂದೇ ಥರ ಕೇಳಿದ್ರಿಂದಾನೇ ಹೋಲಿಕೆ ಮಾಡಕ್ಕಾಗೋದು. ಕೇಂದ್ರ ಸರ್ಕಾರದ ಹೊಸ ಕಾರ್ಮಿಕ ಸರ್ವೇ 2017-18ರಲ್ಲಿ ಶುರುವಾದಾಗ ದೇಶದಲ್ಲಿ 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡಿಮೆ ಅಥವಾ ಕೆಲಸ ಹುಡುಕಾಟದಲ್ಲಿ ಇದ್ದೋರು 23.3 ಪರ್ಸೆಂಟ್, 2023-24ಕ್ಕೆ ಅದು 41.7. ಇಷ್ಟು ದೊಡ್ಡ ಬದಲಾವಣೇನ ಹತ್ತು ಮನೆ ಜಗಲಿ ಮೇಲೆ ಕೂತು ಕಥೆ ಕೇಳಿ ಕಂಡುಹಿಡಿಯಕ್ಕಾಗಲ್ಲ, ಅದಕ್ಕೆ ಲೆಕ್ಕಾನೇ ಬೇಕು. ಆದ್ರೆ ನಿಜವಾಗ್ಲೂ ಹೆಂಗಸರು ಜಾಸ್ತಿ ದುಡಿಯೋಕೆ ಬಂದ್ರಾ, ಕಷ್ಟಕ್ಕೆ ಬಂದ್ರಾ ಅವಕಾಶ ಸಿಕ್ಕಿ ಬಂದ್ರಾ, ಇಲ್ಲಾ ಮೊದ್ಲಿಂದ ಕ್ಯಾನ್ ತೊಳೀತಿದ್ದ ಅಕ್ಕನಿಗೆ ಈಗ ಸರಿಯಾದ ಕೋಡ್ ಬೀಳ್ತಿದ್ಯಾ, ಅನ್ನೋದನ್ನ ಆ ಎರಡು ನಂಬರ್ ತಾವಾಗೇ ಹೇಳಲ್ಲ.

ಮೊದ್ಲು ನಿಮ್ಮ ಪ್ರಶ್ನೆ ಎಣಿಸೋ ಜಾತೀದಾ ನೋಡಿ

ಎಷ್ಟು, ಎಷ್ಟು ಜನ, ಯಾರಿಗೆ ಜಾಸ್ತಿ, ಮುಂಚೆಗಿಂತ ಏರ್ತಾ ಇಳೀತಾ, ಇದಿದ್ದೋರಿಗೆ ಅದೂ ಇರುತ್ತಾ ಅನ್ನೋ ಪ್ರಶ್ನೆ ಆದ್ರೆ ಕಣ್ಮುಚ್ಚಿ ಕ್ವಾಂಟಿಟೇಟಿವ್‌ಗೆ ಹೋಗಿ. "ಯಾಕೆ ಬುಕ್ ಗಂಡನ ಹೆಸರಲ್ಲೇ ಇರುತ್ತೆ", "ಹಾಲಿನ ದುಡ್ಡು ಮನೆಯೊಳಗೆ ಹೆಂಗೆ ಹಂಚಿಕೆ ಆಗುತ್ತೆ, ಅದಕ್ಕೆ ಜಗಳ ಹೆಂಗೆ ಆಗುತ್ತೆ" ಅನ್ನೋ ಪ್ರಶ್ನೆಗೆ ನಾಲ್ಕು ಆಪ್ಷನ್ ಕೊಟ್ಟು ಟಿಕ್ ಹಾಕಿ ಅಂದ್ರೆ ಬರೋ ಉತ್ತರ ಅವರದ್ದಾಗಿರಲ್ಲ, ನೀವು ರೂಮಲ್ಲಿ ಕೂತು ಯೋಚ್ನೆ ಮಾಡಿದ ನಾಲ್ಕರಲ್ಲಿ ಒಂದಾಗಿರುತ್ತೆ.

ಎರಡನ್ನೂ ಜೋಡಿಸಿದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಮಂಡ್ಯದಲ್ಲೇ ಒಳ್ಳೇ ಉದಾಹರಣೆ ಇದೆ. ಸ್ಕಾರ್ಲೆಟ್ ಎಪ್‌ಸ್ಟೀನ್ ಅನ್ನೋ ಮಾನವಶಾಸ್ತ್ರಜ್ಞೆ 1954ರಿಂದ 56ರವರೆಗೆ ಆ ಕಡೆ ಎರಡು ಹಳ್ಳಿಗಳಲ್ಲಿ ಇದ್ದು ಕೆಲಸ ಮಾಡಿದ್ರು. ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದರ ಜಮೀನಿಗೆ ಬಂದಿರ್ಲಿಲ್ಲ. ಮನೆಮನೆ ಆದಾಯ ಖರ್ಚು ಎಲ್ಲಾ ಲೆಕ್ಕ ಹಾಕಿದ್ರು, ಜೊತೆಗೆ ಊರಲ್ಲೇ ಇದ್ರು. ಬರೀ ನೀರಾವರಿ ಲೆಕ್ಕ ನೋಡಿದ್ರೆ ನೀರು ಬಂದ ಊರೇ ಜಾಸ್ತಿ ಬದಲಾಗಿರ್ಬೇಕು ಅಂತ ಅನ್ಸುತ್ತೆ. ಆದ್ರೆ ಅಲ್ಲಿ ಜನ ಮೊದಲಿನ ಹಾಗೇ ಬೇಸಾಯಕ್ಕೆ ಇನ್ನೂ ಗಟ್ಟಿಯಾಗಿ ಅಂಟಿಕೊಂಡ್ರು, ಹಳೇ ಸಂಬಂಧಗಳೂ ಹಂಗೇ ಉಳಿದ್ವು, ನೀರು ಸಿಗದ ಊರಿನವ್ರೇ ಪೇಟೆ ಕಡೆ ಮುಖ ಮಾಡಿ ಬೇರೆ ಬೇರೆ ಕಸುಬು ಹಿಡಿದು ಜಾಸ್ತಿ ಬದಲಾದ್ರು. ಲೆಕ್ಕ ಇಲ್ದಿದ್ರೆ ಇದು ಬರೀ ಅನಿಸಿಕೆ ಆಗ್ತಿತ್ತು, ಊರಲ್ಲಿ ಇರ್ದಿದ್ರೆ ಬೇಸಾಯದ ಕಾಲಂ ಮಾತ್ರ ತುಂಬಿರೋದು. ನಿಮಗೆ ಎರಡು ವರ್ಷ ಟೈಮ್ ಇಲ್ಲ ಗೊತ್ತು. ಒಂದ್ ವಾರನಾದ್ರೂ ಪ್ರಶ್ನಾವಳಿ ಇಲ್ದೆ ಹೋಗಿ ಕೂತ್ಕೊಳ್ಳಿ, ಪ್ರಶ್ನೆ ಬರೆಯೋದು ಅದಾದ್ಮೇಲೆ.

ಯಾರನ್ನ ಎಣಿಸ್ತಿದೀರಾ, ಮನೇನಾ ಮನುಷ್ಯರನ್ನಾ

ಇದನ್ನ ಯಾವ ಮೆಥಡಾಲಜಿ ಕ್ಲಾಸಲ್ಲೂ ಒತ್ತಿ ಹೇಳಲ್ಲ. 2014ರಲ್ಲಿ ಉತ್ತರ ಭಾರತದ ಐದು ರಾಜ್ಯದ ಹಳ್ಳಿಗಳಲ್ಲಿ ಶೌಚಾಲಯದ ಬಗ್ಗೆ ಒಂದು ಸರ್ವೇ ಆಯ್ತು. "ನಿಮ್ಮನೇಲಿ ಶೌಚಾಲಯ ಇದ್ಯಾ" ಅಂತ ಮನೆಗೊಂದು ಪ್ರಶ್ನೆ ಕೇಳಿ ಸುಮ್ಮನಾಗದೆ, ಮನೇಲಿರೋ ಒಬ್ಬೊಬ್ರು ಎಲ್ಲಿಗೆ ಹೋಗ್ತಾರೆ ಅಂತ ಹೆಸರು ಹಿಡಿದು ಕೇಳಿದ್ರು. ಬಳಸೋ ಸ್ಥಿತೀಲಿ ಶೌಚಾಲಯ ಇರೋ ಮನೆಗಳಲ್ಲೇ 40 ಪರ್ಸೆಂಟ್‌ಗಿಂತ ಜಾಸ್ತಿ ಮನೆಗಳಲ್ಲಿ ಕೊನೇ ಪಕ್ಷ ಒಬ್ಬರಾದ್ರೂ ಬಯಲಿಗೆ ಹೋಗ್ತಿದ್ರು. ಶಾಲೆ ವಿಷ್ಯದಲ್ಲೂ ಹಿಂಗೇ, ದಾಖಲಾತಿ ಎಣಿಸಿದ್ರೆ ಎಲ್ಲಾ ಮಕ್ಳೂ ಸ್ಕೂಲಲ್ಲೇ ಇದಾರೆ ಅಂತ ಖುಷಿಯಾಗುತ್ತೆ, 2005ರಿಂದ ಅಸರ್ ಸರ್ವೇಯವ್ರು ಮನೆಗೇ ಹೋಗಿ ಮಗೂ ಕೈಗೆ ಓದೋಕೆ ಹಾಳೆ ಕೊಡೋಕೆ ಶುರು ಮಾಡಿದ ಮೇಲೆ ಗೊತ್ತಾಗಿದ್ದು ದೇಶದ ಹಳ್ಳಿಗಳಲ್ಲಿ ಐದನೇ ಕ್ಲಾಸಿನ ಸುಮಾರು ಅರ್ಧ ಮಕ್ಕಳಿಗೆ ಎರಡನೇ ಕ್ಲಾಸಿನ ಪಾಠ ಓದಕ್ಕೆ ಬರಲ್ಲ ಅಂತ. ಎರಡೂ ಕ್ವಾಂಟಿಟೇಟಿವ್ವೇ ಗಮನಿಸಿ. ವಿಧಾನ ಕೆಟ್ಟದು ಅಂತ ಬಿಟ್ಟು ಓಡ್ಬೇಕಾಗಿಲ್ಲ, ಎಣಿಸೋ ವಸ್ತು ಬದಲಾಯಿಸಿದ್ರೆ ಅದೇ ವಿಧಾನ ಬೇರೆ ಸತ್ಯ ತೋರಿಸುತ್ತೆ.

ನಮ್ಮ ಹಾಲಿನ ಅಕ್ಕನಿಗೂ ಇದೇ ಔಷಧ. "ಕೆಲಸ ಏನು" ಅಂತ ಕೇಳೋ ಬದ್ಲು ನಿನ್ನೆ ಬೆಳಿಗ್ಗೆ ಎದ್ದಾಗಿಂದ ರಾತ್ರಿ ಮಲಗೋವರೆಗೆ ಏನೇನ್ ಮಾಡಿದ್ರಿ ಅಂತ ಅರ್ಧ ಗಂಟೆ ಅರ್ಧ ಗಂಟೆ ಲೆಕ್ಕದಲ್ಲಿ ಬರ್ಕೊಳ್ಳೋ ಟೈಮ್ ಯೂಸ್ ಸರ್ವೇ ಅಂತ ಒಂದಿದೆ. 2019ರಲ್ಲಿ ಮೊದಲ ಸಲ ದೇಶಪೂರ್ತಿ ಮಾಡಿದ್ರು. ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡ್ತಿದ್ರು, ಅದೇ ಕೆಲಸ ಮಾಡೋ ಗಂಡಸರು 97 ನಿಮಿಷ, ಅದೂ ಗಂಡಸರಲ್ಲಿ ಮಾಡೋರೇ ಕಾಲು ಭಾಗ. ನಿಮ್ಮ ಥೀಸಿಸ್‌ಗೆ ಇಷ್ಟು ದೊಡ್ಡದು ಬೇಡ, ನಿನ್ನೆಯ ದಿನಚರಿ ಒಂದು ಪುಟ ಸೇರ್ಸಿ ಸಾಕು.

384ರ ಮಹಿಮೆ

ಈ 384 ಎಲ್ಲಿಂದ ಬಂತು ಅಂತ ವೈವಾದಲ್ಲಿ ಕೇಳಿದ್ರೆ ಹತ್ತರಲ್ಲಿ ಒಂಬತ್ತು ಜನ ಗೈಡ್ ಮುಖ ನೋಡ್ತಾರೆ. 1.96ನ ವರ್ಗ ಮಾಡಿ, 0.5 ಇಂಟು 0.5 ಮಾಡಿ ಗುಣಿಸಿ, 0.05ರ ವರ್ಗದಿಂದ ಭಾಗಿಸಿ, 384 ಚಿಲ್ಲರೆ ಬರುತ್ತೆ. ಅರ್ಥ ಏನಂದ್ರೆ ನಿಜವಾದ ಪರ್ಸೆಂಟೇಜ್ ನಿಮಗೆ ಸಿಕ್ಕಿದ್ದಕ್ಕಿಂತ ಐದು ಆಚೆ ಐದು ಈಚೆ ಒಳಗಿರುತ್ತೆ ಅಂತ 95 ಪರ್ಸೆಂಟ್ ಭರವಸೆ. ಕ್ರೆಜ್ಸಿ ಮತ್ತೆ ಮಾರ್ಗನ್ ಅನ್ನೋರು 1970ರಲ್ಲಿ ಇದನ್ನ ಟೇಬಲ್ ಮಾಡಿ ಕೊಟ್ರು, ಸಾವಿರ ಜನ ಇದ್ರೆ 278, ಹತ್ತು ಲಕ್ಷ ಇದ್ರೆ 384 ಅಂತ, ಅವತ್ತಿಂದ ಎಲ್ಲಾ ಥೀಸಿಸ್‌ನಲ್ಲೂ ಅದೇ ಓಡ್ತಿದೆ. ಜನಸಂಖ್ಯೆ ಸಾವಿರ ಪಟ್ಟು ಆದ್ರೂ ಸ್ಯಾಂಪಲ್ ಹೆಚ್ಚುಕಮ್ಮಿ ಅಷ್ಟೇ ಸಾಕಾಗೋದು ಈ ವಿಧಾನದ ದೊಡ್ಡ ಬಲ, ಅನ್ನ ಬೆಂದಿದ್ಯಾ ನೋಡಕ್ಕೆ ಒಂದು ಅಗುಳು ಹಿಸುಕಿದ್ರೆ ಸಾಕು ಅಂತಾರಲ್ಲ ಹಂಗೆ. ಆದ್ರೆ ಅನ್ನ ತಳ ಹಿಡಿದು ಮೇಲೆ ಅಕ್ಕಿ ಹಂಗೇ ಇದ್ರೆ ಮೇಲಿನ ಅಗುಳು ಎಷ್ಟು ಹಿಸುಕಿದ್ರೇನು.

1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆಯವ್ರು ಅಧ್ಯಕ್ಷರ ಚುನಾವಣೆಗೆ ಮುಂಚೆ ಸುಮಾರು ಒಂದು ಕೋಟಿ ಜನರಿಗೆ ಕಾರ್ಡ್ ಕಳ್ಸಿದ್ರು. ವಿಳಾಸ ತಗೊಂಡಿದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಇಂಥ ಕಡೆಯಿಂದ. 20 ಲಕ್ಷಕ್ಕಿಂತ ಜಾಸ್ತಿ ಉತ್ತರ ಬಂತು, ಲ್ಯಾಂಡನ್ ಗೆಲ್ತಾರೆ ಅಂದ್ರು, ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗುಡಿಸ್ಕೊಂಡು ಹೋದ್ರು. ಅದೇ ಚುನಾವಣೇಲಿ ಸರ್ವೇ ನಡೆಸೋ ಜಾರ್ಜ್ ಗ್ಯಾಲಪ್ ಅನ್ನೋರು ಸುಮಾರು 50 ಸಾವಿರ ಜನರನ್ನ ಕೇಳಿ ಸರಿಯಾಗಿ ಹೇಳಿದ್ರು. ಆ ಆರ್ಥಿಕ ಕುಸಿತದ ಕಾಲದಲ್ಲಿ ಫೋನು ಕಾರು ಇದ್ದೋರು ಯಾರು, ಮೇಲಾಗಿ ಕಾರ್ಡ್ ವಾಪಸ್ ಕಳ್ಸೋಷ್ಟು ಸಿಟ್ಟೋ ಆಸಕ್ತಿಯೋ ಇದ್ದೋರು ಯಾರು ಅಂತ ಯೋಚ್ನೆ ಮಾಡಿ. ಈಗ ನೀವು ಗೂಗಲ್ ಫಾರ್ಮ್ ಮಾಡಿ ಹತ್ತು ವಾಟ್ಸಾಪ್ ಗ್ರೂಪಿಗೆ ತಳ್ಳಿ "ದಯವಿಟ್ಟು ಎರಡು ನಿಮಿಷ ಕೊಡಿ" ಅಂತ ಹಾಕ್ತೀರಲ್ಲ, ಅದೂ ಇದೇ ಕಥೆ, ನಿಮ್ ಫ್ರೆಂಡ್ಸು, ಫ್ರೆಂಡ್ಸ್ ಫ್ರೆಂಡ್ಸು, ಒಂದಿಷ್ಟು ಕಸಿನ್ಸು. ಹಂಗ್ ಮಾಡೋದೇ ಆದ್ರೆ ಮಾಡಿ, ಆದ್ರೆ ಅದ್ರಲ್ಲಿ "ಕರ್ನಾಟಕದ ಯುವಜನತೆ" ಅಂತ ಟೈಟಲ್ ಇಡ್ಬೇಡಿ.

ಸ್ಯಾಂಪಲ್ ದೊಡ್ಡದಾದಷ್ಟೂ ತಪ್ಪು ಕಮ್ಮಿ ಅನ್ನೋದು ಒಂದು ಥರದ ತಪ್ಪಿಗೆ ಮಾತ್ರ ಸರಿ, ಅದೃಷ್ಟದಿಂದ ಹೆಚ್ಚುಕಮ್ಮಿ ಆಗೋದಕ್ಕೆ. ಒಂದೇ ಕಡೆಗೆ ವಾಲಿರೋ ತಪ್ಪು ಸ್ಯಾಂಪಲ್ ಬೆಳೆಸಿದ್ರೆ ಹೋಗಲ್ಲ. ರೈತರ ಮನೇಲಿ ಬೆಳೆದವ್ರಿಗೆ ಇದು ಬೇಗ ಅರ್ಥ ಆಗುತ್ತೆ. ಮೊದ್ಲೆಲ್ಲಾ ಹೊಲದ ಬದುವಿನ ಮೇಲೆ ನಿಂತು ಕಣ್ಣಂದಾಜಲ್ಲಿ ಬೆಳೆ ಎಂಟಾಣೆ ಹತ್ತಾಣೆ ಅಂತ ಆಣೆವಾರಿ ಹಾಕ್ತಿದ್ರು. ಅದು ಬೇಡ, ಲಾಟರಿ ಥರ ಹೊಲ ಆರಿಸಿ ಒಂದು ಚೌಕ ಗುರುತು ಮಾಡಿ ಕೊಯ್ದು ತೂಗಿ ನೋಡೋಣ ಅಂತ ಬಂದಿದ್ದು ಬೆಳೆ ಕಟಾವು ಪ್ರಯೋಗ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಸಣ್ಣ ಸಣ್ಣ ತುಣುಕು ತುಂಬಾ ಕಡೆ ಕೊಯ್ಯೋಣ ಅಂದ್ರು, ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ತುಣುಕು ತೀರಾ ಸಣ್ಣದಾದ್ರೆ ಇಳುವರಿ ಜಾಸ್ತಿ ತೋರಿಸುತ್ತೆ ಅಂತ ಹೇಳಿದ್ರು. ಯಾಕಂದ್ರೆ ಹಗ್ಗದ ಗೆರೆ ಮೇಲೆ ನಿಂತಿರೋ ಪೈರನ್ನ ಕೊಯ್ಯೋನು ಒಳಗೇ ಸೇರಿಸ್ಕೊಳ್ತಾನೆ, ಕೈ ಹಂಗೇ ಹೋಗುತ್ತೆ, ಚೌಕ ಚಿಕ್ಕದಾದಷ್ಟೂ ಗೆರೆಯ ಪೈರಿನ ಪಾಲು ಜಾಸ್ತಿ. ಇಂಥದ್ದನ್ನ ಒಂದು ಸಾವಿರ ಕಡೆ ಮಾಡಿದ್ರೂ ಒಂದು ಲಕ್ಷ ಕಡೆ ಮಾಡಿದ್ರೂ ಸರಾಸರಿ ಮೇಲೇ ಇರುತ್ತೆ. ನನ್ನ 92ನೂ ಹಂಗೇ, ನನ್ನಂಥ ಸಾವಿರ ಜನ ಕಾಫಿಗೆ ಮುಂಚೆ ಸಬ್ಮಿಟ್ ಒತ್ತಿದ್ರೆ ಸಾವಿರಕ್ಕೂ ಅದೇ ಕಡೆ ವಾಲಿರೋ ಉತ್ತರ.

ಹಳ್ಳೀಲಿ ಸ್ಯಾಂಪಲ್ ತೆಗಿಯೋ ಕೆಲಸ ಹೆಂಗೆ ಅಂದ್ರೆ, ಪಂಚಾಯ್ತಿ ಲಿಸ್ಟೋ ಅಂಗನವಾಡಿ ಟೀಚರ್ ಹತ್ರ ಇರೋ ಮನೆ ರಿಜಿಸ್ಟರೋ ತಗೊಳ್ಳಿ, 240 ಮನೆ ಇದ್ದು 20 ಬೇಕಂದ್ರೆ 12ಕ್ಕೊಂದು, ಶುರು ಎಲ್ಲಿಂದ ಅಂತ 1ರಿಂದ 12ರೊಳಗೆ ಚೀಟಿ ಎತ್ತಿ. ಆದ್ರೆ ಲಿಸ್ಟ್ ಕೈಗೆ ಬಂದ ತಕ್ಷಣ ಊರು ಒಂದ್ ಸುತ್ತು ಹಾಕಿ, ತೋಟದ ಮನೆಗಳು, ಊರಾಚೆ ಕೇರಿ, ಕಬ್ಬು ಕಡಿಯೋಕೆ ಬಂದು ಗುಡಿಸಲು ಹಾಕ್ಕೊಂಡಿರೋರು, ಹೋದ ವರ್ಷ ಬೇರೆ ಆದ ಅಣ್ಣ ತಮ್ಮಂದಿರು, ಇವ್ರು ಲಿಸ್ಟಲ್ಲಿ ಇರಲ್ಲ. ಆರಿಸಿದ ಮನೆಗೆ ಬೀಗ ಇದ್ರೆ ಪಕ್ಕದ ಮನೆಗೆ ಹೋಗೋ ಹಾಗಿಲ್ಲ, ಸಂಜೆ ಮತ್ತೆ ಬನ್ನಿ, ಯಾಕಂದ್ರೆ ಹಗಲು ಬೀಗ ಇರೋ ಮನೇನೇ ಕೂಲಿಗೆ ಹೋಗೋ ಮನೆ. ನೀವು ಹುಡುಕ್ತಿರೋದು ಅವ್ರನ್ನೇ ಅಲ್ವಾ. ಇನ್ನೊಂದು, 384 ಒಟ್ಟಾರೆ ಪರ್ಸೆಂಟೇಜ್‌ಗೆ ಮಾತ್ರ. ಅದ್ರಲ್ಲಿ ಒಂದು ಗುಂಪಿನವ್ರು 40 ಜನ ಸಿಕ್ಕಿದ್ರು ಅಂದ್ರೆ ಅವರ ಬಗ್ಗೆ ಹೇಳೋ ಮಾತಿಗೆ ಆಚೆ ಈಚೆ 15 ಪರ್ಸೆಂಟ್ ಜೋಲಿ ಇರುತ್ತೆ. ಮತ್ತೆ ನಾಲ್ಕೇ ಊರಿಂದ ನೂರು ನೂರು ತಗೊಂಡ್ರೆ ಅದಕ್ಕೆ 400 ಜನರಷ್ಟು ತೂಕ ಇರಲ್ಲ, ಒಂದೂರಿನವ್ರು ಒಂದೇ ಥರ ಇರ್ತಾರೆ, ಊರು ಜಾಸ್ತಿ ಮಾಡಿ ಒಂದೊಂದೂರಲ್ಲಿ ಕಮ್ಮಿ ಮನೆ ತಗೊಳ್ಳಿ.

ಯಾರು ಲೆಕ್ಕಕ್ಕೆ ಸಿಗ್ತಾರೆ ಅನ್ನೋದಕ್ಕೆ ಇನ್ನೊಂದೇ ಒಂದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ಸಾವಿರ ಗಂಡಸರಿಗೆ 1020 ಹೆಂಗಸರು ಅಂತ ಬಂದಾಗ ಭಾರತದಲ್ಲಿ ಹೆಂಗಸರೇ ಜಾಸ್ತಿ ಆದ್ರು ಅಂತ ಎಲ್ಲಾ ಕಡೆ ಹೆಡ್‌ಲೈನ್ ಓಡ್ತು. 6 ಲಕ್ಷಕ್ಕೂ ಜಾಸ್ತಿ ಮನೆಯ ಸರ್ವೇ, ಚಿಕ್ಕದೇನಲ್ಲ. ಆದ್ರೆ ಅಲ್ಲಿ ಲೆಕ್ಕ ಹಾಕೋದು ಹಿಂದಿನ ರಾತ್ರಿ ಆ ಮನೇಲಿ ಮಲಗಿದ್ದೋರನ್ನ. ದೂರದ ಊರಿಗೆ ದುಡಿಯಕ್ಕೆ ಹೋಗಿ ಶೆಡ್ಡಲ್ಲಿ ಮಲಗೋರು, ಬ್ಯಾರಕ್ಕಲ್ಲಿರೋರು, ಹಾಸ್ಟೆಲಲ್ಲಿರೋರು ಅದ್ರಲ್ಲಿ ಬರಲ್ಲ, ಅವರಲ್ಲಿ ಗಂಡಸರೇ ಜಾಸ್ತಿ. ಅದೇ ಸರ್ವೇಲಿ ಹಿಂದಿನ ಐದು ವರ್ಷದಲ್ಲಿ ಹುಟ್ಟಿದ ಮಕ್ಕಳ ಲೆಕ್ಕ ಸಾವಿರ ಗಂಡಿಗೆ 929 ಹೆಣ್ಣು. 2011ರ ಜನಗಣತಿಯ ಒಟ್ಟು ಅನುಪಾತ 943 ಇತ್ತು. ಮೂರು ನಂಬರ್, ಮೂರಕ್ಕೂ ಬೇರೆ ಬೇರೆ ಅರ್ಥ.

ಪ್ರಶ್ನೆ ಬರೆಯೋ ಕಷ್ಟ

ಇಲ್ಲಿ ಎಷ್ಟು ಟೈಮ್ ಹಾಕಿದ್ರೂ ಕಮ್ಮಿ. ನೆನಪಿನ ಅವಧಿ ಒಂದೇ ಎಷ್ಟು ಕೆಲಸ ಕೆಡಿಸುತ್ತೆ ನೋಡಿ. 1999-2000ರ ರಾಷ್ಟ್ರೀಯ ಬಳಕೆ ವೆಚ್ಚ ಸರ್ವೇಲಿ ಊಟದ ಖರ್ಚನ್ನ 30 ದಿನದ್ದೂ ಕೇಳಿದ್ರು, ಪಕ್ಕದ ಕಾಲಂನಲ್ಲೇ 7 ದಿನದ್ದೂ ಕೇಳಿದ್ರು, ಒಬ್ಬರ ಹತ್ರಾನೇ. ಎರಡನ್ನೂ ಅಕ್ಕಪಕ್ಕ ಕೇಳಿದ್ರೆ ಜನ ಒಂದಕ್ಕೊಂದು ತಾಳೆ ಆಗೋ ಹಾಗೆ ಹೇಳ್ತಾರೆ, ನಾವೇ ಆಗಿದ್ರೂ ಹಂಗೇ ಮಾಡ್ತಿದ್ವಿ. 1993-94ರಲ್ಲಿ ಸುಮಾರು 36 ಪರ್ಸೆಂಟ್ ಇದ್ದ ಬಡತನ ಇದ್ರಲ್ಲಿ ಸುಮಾರು 26 ಅಂತ ಬಂತು, ಅದ್ರಲ್ಲಿ ಎಷ್ಟು ನಿಜವಾಗ್ಲೂ ಇಳೀತು ಎಷ್ಟು ಕಾಲಂ ಮಹಿಮೆ ಅಂತ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಕಿತ್ತಾಡಿದ್ರು. ದೇಶದ ಅತ್ಯಂತ ಅನುಭವಿ ಸರ್ವೇ ಸಂಸ್ಥೆಗೇ ಹಿಂಗಾಗಿದೆ, ನಮ್ದೇನು.

ಹಾಲಿನ ವಿಷ್ಯಕ್ಕೆ ಬಂದ್ರೆ "ವರ್ಷಕ್ಕೆ ಹಾಲಿಂದ ಎಷ್ಟು ಆದಾಯ" ಅಂತ ಕೇಳ್ಬೇಡಿ, ಯಾರಿಗೂ ಗೊತ್ತಿರಲ್ಲ, ಬಾಯಿಗೆ ಬಂದ ರೌಂಡ್ ಫಿಗರ್ ಹೇಳ್ತಾರೆ. ಡೈರಿ ಪಾಸ್‌ಬುಕ್ ತೋರ್ಸಿ ಅಂತ ಕೇಳಿ ಹೋದ ವಾರದ ಲೀಟರ್ ಬರ್ಕೊಳ್ಳಿ, ಮನೆಗೆ ಉಳಿಸಿಕೊಂಡಿದ್ದು ಎಷ್ಟು ಲೋಟ ಅಂತ ನಿನ್ನೆಯದ್ದು ಮಾತ್ರ ಕೇಳಿ, ಹಸು ಈಗ ಬತ್ತಿದ್ಯಾ ಕರೀತಿದ್ಯಾ ಅಂತ ಕೇಳಿ, ಕರು ಹಾಕಿ ಎಷ್ಟು ತಿಂಗಳಾಯ್ತು ಕೇಳಿ. ಒಂದೇ ತಿಂಗಳಲ್ಲಿ ಸರ್ವೇ ಮುಗಿಸಿ ಹನ್ನೆರಡರಿಂದ ಗುಣಿಸೋದು ಮಾಡ್ಬೇಡಿ, ಮಳೆಗಾಲದ ಹುಲ್ಲು ಬೇರೆ ಏಪ್ರಿಲ್ ಹುಲ್ಲು ಬೇರೆ.

ಆಮೇಲೆ ಲಿಕರ್ಟ್ ಸ್ಕೇಲು, ಅಂದ್ರೆ ಒಂದು ಮಾತು ಹೇಳಿ ಅದನ್ನ ಎಷ್ಟು ಒಪ್ತೀರಾ ಅಂತ ಮೆಟ್ಟಿಲು ಮೆಟ್ಟಿಲಾಗಿ ಕೇಳೋದು. ಇಂಗ್ಲಿಷ್ ಪ್ರಶ್ನಾವಳಿ ಎತ್ಕೊಂಡು ಬಂದು ಕನ್ನಡ ಮಾಡ್ತಾರೆ, "ಸಂಪೂರ್ಣವಾಗಿ ಸಮ್ಮತಿಸುತ್ತೇನೆ, ಸಮ್ಮತಿಸುತ್ತೇನೆ, ಸಮ್ಮತಿಯೂ ಇಲ್ಲ ಅಸಮ್ಮತಿಯೂ ಇಲ್ಲ" ಅಂತ. ಒಬ್ಬ ಅಜ್ಜಿಗೆ ಇದನ್ನ ಓದಿ ಹೇಳ್ದೆ, "ಯಾವ್ದಾರ ಒಂದು ಹಾಕ್ಕೊ ಮಗಾ, ನಿಂಗೆ ಯಾವ್ದ್ ಬೇಕು" ಅಂದ್ರು. ಎಷ್ಟು ಮರ್ಯಾದೆ ನೋಡಿ ನಮ್ ಮೇಲೆ! ಆ ಉತ್ತರಾನೂ ಡಾಟಾನೇ ಆಗೋಗುತ್ತೆ, ಕ್ರೋನ್‌ಬ್ಯಾಕ್ ಆಲ್ಫಾ (ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತೆ ಅಂತ ಅಳೆಯೋ ನಂಬರ್) ಚೆನ್ನಾಗೇ ಬರುತ್ತೆ, ಯಾಕಂದ್ರೆ ಎಲ್ಲಾದಕ್ಕೂ ಹೂಂ ಅಂದೋರ ಉತ್ತರ ಒಂದಕ್ಕೊಂದು ಬಹಳ ಹೊಂದಿಕೊಳ್ಳುತ್ತೆ. ವಯಸ್ಸಾದೋರಿಗೆ "ರೂಪಾಯಿಗೆ ಎಷ್ಟಾಣೆ ಸರಿ ಅನ್ಸುತ್ತೆ" ಅಂತ ಕೇಳಿ ನೋಡಿದೀನಿ, ಅಥವಾ ಹತ್ತು ಹುಣಸೆ ಬೀಜ ಕೊಟ್ಟು ಎಷ್ಟು ಇಡ್ತೀರಾ ಅಂತ, ಇದಕ್ಕೆ ಯೋಚ್ನೆ ಮಾಡಿ ಉತ್ತರ ಹೇಳ್ತಾರೆ. ಕೆಲವು ಪ್ರಶ್ನೆ ಉಲ್ಟಾ ಅರ್ಥದಲ್ಲೂ ಇಡಿ, ಎರಡಕ್ಕೂ ಹೂಂ ಅಂದ್ರೆ ನಿಮಗೆ ತಿಳಿಯುತ್ತೆ. ಇಪ್ಪತ್ತು ಮನೇಲಿ ಪೈಲಟ್ (ಮೊದಲು ಪ್ರಶ್ನೆ ಪರೀಕ್ಷೆ ಮಾಡೋ ಸಣ್ಣ ಸರ್ವೇ) ಮಾಡಿ, ಅದೇ ಊರಲ್ಲಿ ಅಲ್ಲ, ಪಕ್ಕದೂರಲ್ಲಿ.

ಫೀಲ್ಡಲ್ಲಿ ಗಮನಿಸ್ಬೇಕಾದ್ದು ಜಾಸ್ತಿ ಏನಿಲ್ಲ, ಸೊಸೆಯನ್ನ ಮಾತಾಡಿಸುವಾಗ ಅತ್ತೆ ಬಾಗಿಲಲ್ಲಿ ನಿಂತಿದ್ರಾ, ಗಂಡ ಪಕ್ಕದಲ್ಲಿದ್ರಾ ಅಂತ ಒಂದು ಕಾಲಂ ಇಡಿ, ಆಮೇಲೆ ಅವ್ರು ಇದ್ದಾಗ ಇಲ್ದಾಗ ಉತ್ತರ ಬೇರೆ ಬಂತಾ ನೋಡಬಹುದು. ಡೈರಿ ಸೆಕ್ರೆಟರಿನ ಜೊತೆಗೆ ಕರ್ಕೊಂಡು ಹೋಗಿ ಡೈರಿ ಬಗ್ಗೆ ದೂರು ಇದ್ಯಾ ಅಂತ ಕೇಳ್ಬೇಡಿ, ನಗ್ಬೇಡಿ, ಮಾಡಿರೋರನ್ನ ನೋಡಿದೀನಿ. ವಯಸ್ಸು ಕೇಳಿದ್ರೆ 35, 40, 45, 50 ಅಂತಾನೇ ಬರುತ್ತೆ, ದೊಡ್ಡ ಮಗೂಗೆ ಎಷ್ಟು, ಮದುವೆ ಆದಾಗ ಎಷ್ಟು ಅಂತ ಕೇಳಿ ಸರಿ ಮಾಡ್ಕೊಳ್ಳಿ.

ಡಾಟಾ ಎಂಟ್ರಿ, ಅಂದ್ರೆ ಎಕರೆ ಗುಂಟೆ ಕಥೆ

ಕರ್ನಾಟಕದಲ್ಲಿ ಜಮೀನಿನ ಡಾಟಾ ಮುಟ್ಟೋ ಎಲ್ರೂ ಇದನ್ನ ಓದಿ. 2 ಎಕರೆ 10 ಗುಂಟೆ ಅನ್ನೋದನ್ನ ನಾವೆಲ್ಲಾ 2.10 ಅಂತ ಬರೀತೀವಿ. ಎಕರೆಗೆ 40 ಗುಂಟೆ, ಹಂಗಾಗಿ ಅದು 2.25 ಎಕರೆ. 1.30 ಅಂದ್ರೆ 1.75 ಎಕರೆ. ಎರಡೂ ಸೇರ್ಸಿದ್ರೆ ಸರಿಯಾಗಿ 4 ಎಕರೆ ಆಗ್ಬೇಕು, ಎಕ್ಸೆಲ್ 3.40 ಅಂತ ಕೊಡುತ್ತೆ, ಅದಕ್ಕೇನ್ ಗೊತ್ತು ಗುಂಟೆ. ಡ್ಯಾಶ್ ಹಾಕಿ 2-10 ಅಂತ ಟೈಪ್ ಮಾಡಿದ್ರೆ ಇನ್ನೂ ಚೆಂದ, ಅದನ್ನ ತಾರೀಕು ಮಾಡಿಬಿಡುತ್ತೆ, ಯಾರದ್ದೋ ಜಮೀನು ಗಾಂಧಿ ಜಯಂತಿ ಆಗೋಗುತ್ತೆ. ಎಕರೆಗೆ ಒಂದು ಕಾಲಂ ಗುಂಟೆಗೆ ಒಂದು ಕಾಲಂ ಇಡಿ, ಮೂರನೇ ಕಾಲಂನಲ್ಲಿ ಗುಂಟೆನ 40ರಿಂದ ಭಾಗಿಸಿ ಸೇರ್ಸಿ. ನನ್ನ ಮೊದಲ ಸರ್ವೇಲಿ ಇದು ಗೊತ್ತಾಗಿದ್ದು ಟೇಬಲ್‌ಗಳೆಲ್ಲಾ ಪ್ರಿಂಟ್ ಆದ್ಮೇಲೆ. ಹಂಗೇ ಉತ್ತರ ಸಿಗದಿದ್ರೆ 99 ಅಂತ ಕೋಡ್ ಹಾಕೋ ಅಭ್ಯಾಸ ಇದ್ಯಲ್ಲ, ವಯಸ್ಸಿನ ಕಾಲಂನಲ್ಲಿ 200 ಜನರಲ್ಲಿ ಹತ್ತು ಜನಕ್ಕೆ 99 ಕೂತಿದ್ರೆ 38 ಬರ್ಬೇಕಾದ ಸರಾಸರಿ 41 ಆಗುತ್ತೆ. ಸರಾಸರಿ ತೆಗಿಯೋ ಮುಂಚೆ ಪ್ರತಿ ಕಾಲಂನ ಅತಿ ಚಿಕ್ಕದು ಅತಿ ದೊಡ್ಡದು ನೋಡಿ, ಮೂಲ ಫೈಲ್ ಮುಟ್ಬೇಡಿ, ಕಾಪಿ ಮೇಲೆ ಕೆಲಸ ಮಾಡಿ.

ಲೆಕ್ಕ ಹಾಕುವಾಗ

ಐದು ಮನೆ, 1, 1, 1.5, 2, ಮತ್ತೆ ಗೌಡರ ಮನೆ 25 ಎಕರೆ. ಸರಾಸರಿ 6.1 ಎಕರೆ, ಅಷ್ಟು ಜಮೀನಿರೋ ಒಂದು ಮನೇನೂ ಆ ಊರಲ್ಲಿಲ್ಲ. ಮಧ್ಯದ್ದು (ಮೀಡಿಯನ್) ತಗೊಂಡ್ರೆ 1.5, ಅದು ಊರು. ದುಡ್ಡು, ಜಮೀನು, ಹಾಲು, ಯಾವುದಕ್ಕಾದ್ರೂ ಮೀಡಿಯನ್ ಇಲ್ದೆ ಬರೀ ಸರಾಸರಿ ಕೊಡ್ಬೇಡಿ.

ಕೈ-ಸ್ಕ್ವೇರ್ ಥರದ ಟೆಸ್ಟ್ ಹಾಕಿದಾಗ ಬರೋ ಪಿ ವ್ಯಾಲ್ಯೂ ಅನ್ನೋ ನಂಬರ್ ಬಗ್ಗೆ ಒಂದೆರಡು ಮಾತು. 0.05ಕ್ಕಿಂತ ಕಮ್ಮಿ ಬಂದ್ರೆ ದೊಡ್ಡ ವ್ಯತ್ಯಾಸ ಅಂತ ಅಲ್ಲ, ನಿಜವಾಗಿ ವ್ಯತ್ಯಾಸ ಇಲ್ದೇ ಇದ್ರೂ ಇಷ್ಟು ವ್ಯತ್ಯಾಸ ಕಾಣಿಸೋದು ಅಪರೂಪ ಅಂತ ಅಷ್ಟೇ. ಸ್ಯಾಂಪಲ್ ಲಕ್ಷಗಟ್ಟಲೆ ಇದ್ರೆ ಅರ್ಧ ಪರ್ಸೆಂಟ್ ವ್ಯತ್ಯಾಸಕ್ಕೂ ಸ್ಟಾರ್ ಬೀಳುತ್ತೆ, ಅಂದ್ರೆ ಸಿಗ್ನಿಫಿಕೆಂಟ್ (0.05ಕ್ಕಿಂತ ಕಮ್ಮಿ) ಅಂತ ಗುರುತು. ಒಂದಕ್ಕೊಂದು ಸಂಬಂಧ ಇಲ್ಲದ ಇಪ್ಪತ್ತು ಟೆಸ್ಟ್ ಮಾಡಿದ್ರೆ ಏನೂ ಇಲ್ದಿದ್ರೂ ಒಂದಾದ್ರೂ ಸಿಗ್ನಿಫಿಕೆಂಟ್ ಬರೋ ಸಾಧ್ಯತೆ 64 ಪರ್ಸೆಂಟ್. ಜಾತಿಗೆ, ವಯಸ್ಸಿಗೆ, ಓದಿಗೆ, ಎಲ್ಲಾದಕ್ಕೂ ಕೈ-ಸ್ಕ್ವೇರ್ ಹಾಕಿ ಬಂದಿದ್ದನ್ನ ಮಾತ್ರ ಬರಿಯೋರು ಮಾಡೋದು ಇದನ್ನೇ. ಮೊದ್ಲೇ ಬರೆದಿಟ್ಕೊಳ್ಳಿ ಯಾವ ಮೂರು ನಾಲ್ಕು ಹೋಲಿಕೆ ಅಂತ. ಎಸ್‌ಪಿಎಸ್‌ಎಸ್‌ನಲ್ಲಿ (ಈ ಲೆಕ್ಕ ಹಾಕೋ ಸಾಫ್ಟ್‌ವೇರ್) ಪಿ ವ್ಯಾಲ್ಯೂ .000 ಅಂತ ಬಂದ್ರೆ ಸೊನ್ನೆ ಅಂತ ಬರೀಬೇಡಿ, 0.001ಕ್ಕಿಂತ ಕಮ್ಮಿ ಅಂತ ಬರೀರಿ.

ಕಾರಣ ಹೇಳೋ ವಿಷ್ಯದಲ್ಲಿ ಮಾತ್ರ ನಾಲಿಗೆ ಹಿಡಿತದಲ್ಲಿರ್ಲಿ. ಸ್ತ್ರೀಶಕ್ತಿ ಸಂಘದಲ್ಲಿ ಇರೋರ ಆದಾಯ ಜಾಸ್ತಿ ಅಂತ ನಿಮ್ಮ ಟೇಬಲ್ ತೋರ್ಸಿದ್ರೆ, ಸಂಘದಿಂದ ಆದಾಯ ಜಾಸ್ತಿ ಆಯ್ತು ಅಂತ ಬರೀತೀರಾ. ವಾರವಾರ ಉಳಿತಾಯ ಕಟ್ಟೋಕೆ ಆಗೋರೇ ಸಂಘಕ್ಕೆ ಸೇರಿದ್ರು ಅಂತಾನೂ ಆಗ್ಬಹುದಲ್ಲ. ಚೀಟಿ ಎತ್ತಿ ಅರ್ಧ ಊರಿಗೆ ಯೋಜನೆ ಕೊಟ್ಟು ಅರ್ಧ ಊರಿಗೆ ಕೊಡದೆ ಹೋಲಿಸೋ ಪ್ರಯೋಗಗಳು ಇದಕ್ಕೇ ಇರೋದು, 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ಮೈಕಲ್ ಕ್ರೆಮರ್‌ಗೆ ನೊಬೆಲ್ ಬಂದಿದ್ದೂ ಆ ದಾರಿಗೇ. ಎಂಎ ಡೆಸರ್ಟೇಶನ್‌ಗೆ ಅದೆಲ್ಲಾ ಆಗೋ ಮಾತಲ್ಲ, "ಸಂಬಂಧ ಕಂಡುಬಂದಿದೆ" ಅಂತ ಬರೆದು ನಿಲ್ಲಿಸಿ.

ಬರೆಯೋ ಟೈಮಲ್ಲಿ "ಮಿತಿಗಳು" ಅಂತ ಒಂದು ಭಾಗ ಇರುತ್ತೆ, ಎಲ್ರೂ ಅಲ್ಲಿ ಸಮಯದ ಅಭಾವ, ಹಣದ ಅಭಾವ ಅಂತ ಬರೀತಾರೆ. ಅದನ್ನ ಯಾರೂ ಓದಲ್ಲ. ಬದ್ಲಿಗೆ ಎಷ್ಟು ಮನೆಗೆ ಬೀಗ ಇತ್ತು, ಎಷ್ಟು ಜನ ಮಾತಾಡಲ್ಲ ಅಂದ್ರು, ಎಷ್ಟು ಸಂದರ್ಶನದಲ್ಲಿ ಬೇರೆಯವ್ರು ಪಕ್ಕದಲ್ಲಿದ್ರು, ಯಾವ ಪ್ರಶ್ನೆ ಜನರಿಗೆ ಅರ್ಥ ಆಗ್ಲಿಲ್ಲ, ಯಾವ ತಿಂಗಳಲ್ಲಿ ಹೋಗಿದ್ರಿ, ಇದನ್ನ ನಂಬರ್ ಸಮೇತ ಬರೀರಿ. ನಾನೂ ಆವತ್ತು ಸೂಪರ್‌ವೈಸರ್‌ಗೆ ಫೋನ್ ಮಾಡಿ ಆ ಫಾರ್ಮ್ ವಾಪಸ್ ತೆರೆಸಿದೆ, ಅವರು ಬೈದ್ರು, ತೆರೆದ್ರು, 92 ಪಕ್ಕದ ಉಪ ಕೆಲಸದ ಕಾಲಂನಲ್ಲಿ 21 ಹಾಕ್ದೆ. ಅಷ್ಟೊತ್ತಿಗೆ ಹಿಂದಿನ ದಿನದ ಹದಿನಾಲ್ಕು ಮನೆ ನೆನಪಾಯ್ತು. ಮಾರನೇ ದಿನ ಬೆಳಿಗ್ಗೆ ಡೈರಿ ಹತ್ರಾನೇ ಹೋಗಿ ನಿಂತೆ, ಕ್ಯಾನ್ ಹಿಡ್ಕೊಂಡು ಕ್ಯೂನಲ್ಲಿ ನಿಂತಿದ್ದೋರಲ್ಲಿ ಒಂಬತ್ತು ಜನ ಆ ಹದಿನಾಲ್ಕರವ್ರೇ.